ಎರಡನೇ ಸೂಜಿ

ನೀವಿಬ್ಬರೂ ಫೋನು ಮಾಡಿದಾಗಲೆಲ್ಲ ಕೇಳುವ ನಾಯಿ ಸಿಂಗಟಾಲೂರಿನಲ್ಲಿ ಇಲ್ಲ. ಅಲ್ಲಿ ಅದು ಒಂದು ದಿನವೂ ಇರಲಿಲ್ಲ. ಹೊಳೆಯಲ್ಲಿ ಈಜುವುದನ್ನು ಕಲಿತಿದೆ ಎಂದು ನಿಮಗೆ ಹೇಳಿದವಳು ನಾನು. ನೀರೆತ್ತುವ ಪಂಪು ಶುರುವಾದರೆ ಅದರ ಸದ್ದಿಗೆ ಬೊಗಳುತ್ತದೆ ಎಂದವಳೂ ನಾನೇ. ಅದು ಸತ್ತಿದೆ. ಸತ್ತು ಎಂಟು ತಿಂಗಳಾಯಿತು. ಸತ್ತದ್ದು ನನ್ನಿಂದ.

ಭಾನುವಾರ ನೀವು ಲಕ್ಷ್ಮೇಶ್ವರದಿಂದ ಬೆಟಗೇರಿಗೆ ಬರುತ್ತೀರಿ. ಇಲ್ಲಿಂದ ಸಿಂಗಟಾಲೂರಿಗೆ ಹೋಗಿ ನಾಯಿಯನ್ನು ನೋಡಲೇಬೇಕೆಂದು ಸಣ್ಣವನು ಹಟ ಹಿಡಿದಿದ್ದಾನಂತೆ. ಶಿರಹಟ್ಟಿಗೆ ಕೆಲಸಕ್ಕೆ ಹೋಗುವ ನಿಮ್ಮಪ್ಪನ ಕೈಲಿ ಅಲ್ಲಿಯ ಅಂಗಡಿಯಿಂದ ಗೆಜ್ಜೆ ಇರುವ ಕೊರಳಪಟ್ಟಿಯನ್ನೂ ತರಿಸಿದ್ದಾನಂತೆ. ನಿಮ್ಮವ್ವ ನಿನ್ನೆ ಫೋನಿನಲ್ಲಿ, ಅದು ಓಡಿಹೋಯಿತು ಎಂದು ಹೇಳಿಬಿಡೋಣ, ಹುಡುಗರು ಎರಡು ದಿನ ಅತ್ತು ಮರೆಯುತ್ತಾರೆ ಎಂದಳು. ನಾನು ಹೂಂ ಅಂದೆ. ಫೋನು ಇಟ್ಟಮೇಲೆ ಒಲೆಯ ಮುಂದೆ ಕುಳಿತು ಯೋಚಿಸಿದೆ. ಓಡಿಹೋಗಿದೆ ಎಂದರೆ ನೀವು ಮರೆಯುವುದಿಲ್ಲ. ಬಸ್ಸಿನ ಕಿಟಕಿಯಿಂದ ಕಾಣುವ ಒಂದೊಂದು ಕಂದು ನಾಯಿಯನ್ನೂ ಅದೇ ಇರಬಹುದೆಂದು ತಿರುಗಿ ತಿರುಗಿ ನೋಡುತ್ತೀರಿ. ಆ ಹುಡುಕಾಟವನ್ನು ನಿಮಗೆ ಹಚ್ಚಿಬಿಡಲು ನನ್ನ ಮನಸ್ಸು ಒಪ್ಪಲಿಲ್ಲ.

ಬಾಯಿಂದ ಹೇಳುವುದು ನನಗೆ ಮೊದಲಿನಿಂದಲೂ ಕಷ್ಟ. ಮುಂಡರಗಿಯ ಕಡೆಯ ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದೆ. ಮಾಸ್ತರರು ತಿಳಿಯಿತೇ ಎಂದು ಕೇಳಿದರೆ, ತಿಳಿಯದಿದ್ದರೂ ತಲೆ ಆಡಿಸುತ್ತಿದ್ದೆ. ಎದ್ದು ನಿಂತು ತಿಳಿಯಲಿಲ್ಲ ಎಂದರೆ ಎಲ್ಲರೂ ತಿರುಗಿ ನೋಡುತ್ತಾರಲ್ಲ, ಆ ಭಯ. ನಿಮ್ಮ ಅಜ್ಜ ನನ್ನನ್ನು ನೋಡಲು ಬಂದಾಗಲೂ ಕೇಳಿದ್ದಕ್ಕೆಲ್ಲ ತಲೆ ಆಡಿಸಿದ್ದೆ. ಮುಂದೆ ಎಷ್ಟೋ ವರ್ಷ ಅವರು, ಮಾತು ಬರುತ್ತದೋ ಇಲ್ಲವೋ ಎಂದು ತಿಳಿಯದೆಯೇ ಮದುವೆಯಾದೆ ಎಂದು ನನ್ನನ್ನು ಕಾಡಿಸುತ್ತಿದ್ದರು. ಬರೆಯುವುದಾದರೆ ಯಾರೂ ಎದುರಿಗೆ ಇರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮರಿಯನ್ನು ತಂದವರು ನೀವು. ಕಳೆದ ಬೇಸಿಗೆ ರಜೆಯಲ್ಲಿ, ಲಕ್ಷ್ಮೇಶ್ವರದ ನಿಮ್ಮ ಓಣಿಯ ಗಟಾರದ ಹತ್ತಿರ ಒಂದೇ ಉಳಿದಿತ್ತೆಂದು ಎತ್ತಿಕೊಂಡಿರಿ. ನಿಮ್ಮಪ್ಪನ ತಾಯಿಗೆ ದಮ್ಮಿನ ತ್ರಾಸು, ಕೂದಲು ಉದುರುವ ಪ್ರಾಣಿ ಆ ಮನೆಗೆ ಆಗುವುದಿಲ್ಲ ಎಂದಾಯಿತು. ಹಣ್ಣಿನ ಡಬ್ಬಿಯಲ್ಲಿ ಹಳೆಯ ಟವೆಲು ಹಾಸಿ, ಬಸ್ಸಿನಲ್ಲಿ ಕಂಡಕ್ಟರಿಗೆ ಕಾಣದಂತೆ ನಮ್ಮ ಮನೆಗೆ ತಂದಿರಿ. ಅಜ್ಜ ಬಾಗಿಲಲ್ಲೇ ಡಬ್ಬಿಯೊಳಗೆ ಇಣುಕಿ ನೋಡಿ, ಎರಡು ದಿನ ಇರಲಿ, ಆಮೇಲೆ ಯಾರಿಗಾದರೂ ಕೊಟ್ಟರಾಯಿತು ಎಂದರು. ಎರಡನೆಯ ದಿನ ಅವರೇ ಪೇಟೆಗೆ ಹೋಗಿ ಅದಕ್ಕೊಂದು ಸ್ಟೀಲಿನ ಬಟ್ಟಲು ತಂದರು.

ನೀವು ಅದಕ್ಕೆ ಇಡಬೇಕಾದ ಹೆಸರಿಗಾಗಿ ಜಗಳವಾಡಿ, ಹೆಸರು ಇಡದೆಯೇ ರಜೆ ಮುಗಿಸಿ ಹೋದಿರಿ. ನಾನು ತಮ್ಮಾ ಎನ್ನುತ್ತಿದ್ದೆ. ಅಜ್ಜ ಸಾಹೇಬರೇ ಎನ್ನುತ್ತಿದ್ದರು. ಗದಗಿನ ಪ್ರೆಸ್ಸಿನಲ್ಲಿ ಮೊದಲು ಅಚ್ಚಿನ ಮೊಳೆ ಜೋಡಿಸುತ್ತ, ಕಂಪ್ಯೂಟರ್ ಬಂದಮೇಲೆ ಪ್ರೂಫು ನೋಡುತ್ತ ಅಜ್ಜ ಮುಪ್ಪಾದವರು. ನಿವೃತ್ತರಾದಮೇಲೂ ಬೆಳಗಿನ ಪೇಪರಿನಲ್ಲಿ ತಪ್ಪು ಕಂಡರೆ ಕೆಂಪು ಪೆನ್ನಿನಿಂದ ಗುರುತು ಹಾಕುತ್ತಿದ್ದರು. ಮರಿ ಆ ಪೇಪರಿನ ಮೂಲೆ ಹಿಡಿದು ಎಳೆಯುತ್ತಿತ್ತು.

“ಏನ್ರೀ ಸಾಹೇಬ್ರ, ಇವತ್ತ ಪ್ರೂಫ್ ನೋಡೂ ಪಾಳಿ ನಿಮ್ಮದೇನು?” ಎಂದು ಕೇಳಿ, ಹರಿದ ಪುಟವನ್ನು ಬಿಡಿಸಿಕೊಳ್ಳದೆ ಉಳಿದ ಪುಟ ಓದುತ್ತಿದ್ದರು.

ಮರಿಗೆ ಎರಡು ತಿಂಗಳಾಗಿರಬೇಕು ಎಂದು ತೋರಿದಾಗ ಅದನ್ನು ಕೈಚೀಲದಲ್ಲಿ ಕೂರಿಸಿಕೊಂಡು ದನದ ದವಾಖಾನೆಗೆ ಹೋದರು. ಡಾಕ್ಟರು ಹೊಟ್ಟೆಹುಳದ ಔಷಧಿ ಕೊಟ್ಟು, ಮೊದಲ ಸೂಜಿ ಹಾಕಿ, ಹಳದಿ ಬಣ್ಣದ ಕಾರ್ಡು ಮಾಡಿಕೊಟ್ಟರು. ಸೂಜಿ ಹಾಕಿದ ಸಾಲಿನಲ್ಲಿ ತಾರೀಖು, ಔಷಧದ ಬಾಟಲಿಯಿಂದ ಕಿತ್ತು ಹಚ್ಚಿದ ಸಣ್ಣ ಚೀಟಿ, ಡಾಕ್ಟರ ಸಹಿ. ನಾಲ್ಕು ವಾರ ಬಿಟ್ಟು ಎರಡನೆಯದು, ಅದೇ ದಿನ ಹುಚ್ಚುನಾಯಿ ರೋಗದ್ದನ್ನೂ ಹಾಕುತ್ತೇನೆ ಎಂದಿದ್ದರಂತೆ. ಅಜ್ಜ ಮನೆಗೆ ಬಂದು ಕಾಲು ತೊಳೆಯುತ್ತ ನನಗೆ ಒಂದೊಂದಾಗಿ ಹೇಳಿದರು. ನಾನು ತೋಳಿನ ಮೇಲಿನ ನನ್ನ ಗುರುತು ತೋರಿಸಿ, ಸಣ್ಣವಳಿದ್ದಾಗ ನನಗೆ ಒಂದೇ ಸಲ ಹಾಕಿದ್ದು, ಈ ಮರಿಗೆ ಯಾಕೆ ಎರಡೆರಡು ಸಲ ಎಂದೆ.

“ಅದು ಬ್ಯಾರೆ, ಇದು ಬ್ಯಾರೆ. ತಾಯಿ ಹಾಲಿನ ಬಲ ಕಡಿಮಿ ಆಗ್ತದ, ಸೂಜಿ ಬಲ ಇನ್ನಾ ಪೂರಾ ಬಂದಿರೂದಿಲ್ಲ. ಎರಡನೇದು ಆಗಿ ಹದಿನೈದ ದಿನಾ ಆಗೂಮಟಾ ಬ್ಯಾರೆ ನಾಯಿ ಸನೇಕ ಬಿಡಬ್ಯಾಡ. ತಿಳೀತೇನು?”

ನಾನು ತಲೆ ಆಡಿಸಿದೆ. ಆ ಸಲ ನಿಜವಾಗಿಯೂ ತಿಳಿದಿತ್ತು. ತಿಳಿಯದೆ ಮಾಡಿದೆ ಎಂದು ಹೇಳಿಕೊಳ್ಳುವ ದಾರಿ ನನಗಿಲ್ಲ. ಅದಕ್ಕೇ ಈ ಮಾತನ್ನು ಬರೆದಿಟ್ಟೆ.

ಅಜ್ಜನದೊಂದು ರೂಢಿ ನಿಮಗೂ ಗೊತ್ತು. ಮುಂದೆ ಆಗಬೇಕಾದದ್ದನ್ನು ಆಗಿಹೋದಂತೆ ಬರೆದಿಡುವುದು. ಕ್ಯಾಲೆಂಡರಿನಲ್ಲಿ ಮುಂದಿನ ತಿಂಗಳ ತಾರೀಖಿನ ಮನೆಯಲ್ಲಿ ‘ಗ್ಯಾಸು ಬಂತು’ ಎಂದು ಈ ತಿಂಗಳೇ ಬರೆಯುತ್ತಿದ್ದರು. ‘ಮೊಮ್ಮಕ್ಕಳು ಬಂದರು’ ಎಂದು ನೀವು ಬರುವ ಹದಿನೈದು ದಿನ ಮೊದಲೇ ಬರೆದಿರುತ್ತಿತ್ತು. ಕೇಳಿದರೆ, ಮದುವೆಯ ಆಮಂತ್ರಣವನ್ನು ಮದುವೆ ಆದಮೇಲೆ ಅಚ್ಚು ಹಾಕುತ್ತಾರೇನು ಎಂದು ನಗುತ್ತಿದ್ದರು. ಬರೆದ ದಿನ ಆ ಕೆಲಸ ಆಗದೆ ಉಳಿದದ್ದನ್ನು ನಾನು ಕಂಡಿರಲಿಲ್ಲ. ಆ ಸಂಜೆಯೂ ಕಾರ್ಡಿನ ಎರಡನೆಯ ಸಾಲಿನಲ್ಲಿ ಮುಂದಿನ ತಾರೀಖನ್ನೂ ಎರಡು ಸೂಜಿಗಳ ಹೆಸರನ್ನೂ ಶಾಯಿಯಲ್ಲಿ ದುಂಡಗೆ ಬರೆದು, ಕಾರ್ಡನ್ನು ದೇವರ ಜಗುಲಿಯ ಪಕ್ಕದ ಗೂಡಿನಲ್ಲಿ ಇಟ್ಟರು.

ಆ ತಾರೀಖಿಗೆ ಒಂಬತ್ತು ದಿನ ಇರುವಾಗ, ಬೆಳಿಗ್ಗೆ ಚಹಾ ಕುಡಿದು ಲೋಟ ಕೆಳಗಿಟ್ಟವರು ಎದೆ ಹಿಡಿದುಕೊಂಡರು. ಉಳಿದದ್ದು ನಿಮಗೆ ಗೊತ್ತು. ನೀವು ಬಂದಿರಿ, ಅತ್ತಿರಿ, ಪರೀಕ್ಷೆ ಎಂದು ನಿಮ್ಮಪ್ಪನ ಜೊತೆ ತಿರುಗಿ ಹೋದಿರಿ. ಅಂದಿನಿಂದ ನಾನು ಒಳಗಿನ ಕೋಣೆಯ ಮೂಲೆಯಲ್ಲಿ ಚಾಪೆಯ ಮೇಲೆ ಕುಳಿತೆ. ನಮ್ಮಲ್ಲಿ ಗಂಡ ಹೋದವಳು ತವರಿನವರು ಒಳ್ಳೆಯ ದಿನ ನೋಡಿ ಬಂದು ಕರೆದುಕೊಂಡು ಹೋಗುವವರೆಗೆ ಹೊಸ್ತಿಲು ದಾಟುವಂತಿಲ್ಲ. ಮೊದಲ ಹೆಜ್ಜೆ ತವರಿನ ಕಡೆಗೇ ಬೀಳಬೇಕು. ಅಲ್ಲಿ ಒಂಬತ್ತು ದಿನ ಇದ್ದು ಬಂದಮೇಲೆ ಎಲ್ಲಿಗಾದರೂ ಹೋಗಬಹುದು.

ಮೂಲೆಯಲ್ಲಿ ಕುಳಿತರೆ ಎದುರಿಗೆ ಕ್ಯಾಲೆಂಡರ್ ಕಾಣುತ್ತಿತ್ತು. ಅಜ್ಜನ ಅಕ್ಷರ ಅಷ್ಟು ದೂರದಿಂದಲೂ ಓದಲು ಬರುತ್ತಿತ್ತು. ‘ಸಾಹೇಬರಿಗೆ ಎರಡನೇ ಸೂಜಿ ಆಯಿತು.’ ಮಾತನಾಡಿಸಲು ಬಂದವರು ಮರಿಯನ್ನು ಹಿತ್ತಲಲ್ಲಿ ಕಟ್ಟಿದ್ದರು. ಅದು ಕುಂಯ್‌ಗುಟ್ಟುತ್ತಿತ್ತು. ದಿನ ಹತ್ತಿರ ಬಂದಂತೆ ನನಗೆ ಅದೊಂದೇ ಯೋಚನೆ. ಯಾರಿಗೆ ಹೇಳಲಿ? ಕೊನೆಗೆ ಅಜ್ಜನ ಅಕ್ಕ, ನನ್ನ ಹಿರಿಯ ನಾದಿನಿ, ಊಟದ ತಾಟು ತಂದಿಟ್ಟಾಗ ದನಿ ಸಣ್ಣಗೆ ಮಾಡಿ, ನಾಳೆ ಯಾರಾದರೂ ಮರಿಯನ್ನು ದವಾಖಾನೆಗೆ ಒಯ್ಯಬಹುದೇ ಎಂದೆ.

ಅವರು ತಾಟಿನಿಂದ ಕೈ ತೆಗೆಯದೆ ನನ್ನನ್ನೇ ನೋಡಿದರು.

“ಮನ್ಯಾಗ ಹೆಣಾ ಹೋಗಿ ಹತ್ತ ದಿನಾ ಆಗಿಲ್ಲ. ನನ್ನ ತಮ್ಮನ್ನ ಕಳಕೊಂಡು ನಾವ್ ಕುಂತೇವಿ, ನಿನಗ ನಾಯಿ ಸೂಜಿ ಚಿಂತಿ ಹತ್ತೇತಲ್ಲ. ಮಂದಿ ಕೇಳಿದ್ರ ಏನ್ ಅಂದಾರು?”

ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೂ ದುಃಖವಿತ್ತು. ಆದರೆ ಆಮೇಲೆ ನಾನು ಯಾರ ಮುಂದೆಯೂ ಆ ಮಾತು ಎತ್ತಲಿಲ್ಲ. ಅಳುವುದನ್ನು ಬಿಟ್ಟು ನಾಯಿಯ ಮಾತನಾಡಿದಳು ಎಂದಾರು ಎಂಬ ನಾಚಿಕೆ. ನಿಮ್ಮಪ್ಪ ಎರಡು ದಿನಕ್ಕೊಮ್ಮೆ ಲಕ್ಷ್ಮೇಶ್ವರದಿಂದ ಗಾಡಿಯ ಮೇಲೆ ಬಂದು, ಏನಾದರೂ ಬೇಕೇ ಎಂದು ಕೇಳಿ ಹೋಗುತ್ತಿದ್ದ. ಒಂದು ಮಾತು ಹೇಳಿದ್ದರೆ ಗಾಡಿಯ ಮೇಲೆ ಕೂರಿಸಿಕೊಂಡು ಹೋಗಿ ಅರ್ಧ ತಾಸಿನಲ್ಲಿ ಮಾಡಿಸಿಕೊಂಡು ಬರುತ್ತಿದ್ದ. ಬೇಡ ಎಂದು ಕೈ ಆಡಿಸಿದೆ. ಆ ತಾರೀಖು ಬಂತು, ಹೋಯಿತು. ಗೋಡೆಯ ಮೇಲೆ ಮಾತ್ರ ಸೂಜಿ ಆಗಿತ್ತು.

ಮೂಲೆ ಹಿಡಿದು ತಿಂಗಳಾಗುತ್ತ ಬಂದಾಗ ಮುಂಡರಗಿಯಿಂದ ನನ್ನ ಅಣ್ಣ ಬರುವ ದಿನ ಗೊತ್ತಾಯಿತು. ಅಣ್ಣನ ಮನೆಯಲ್ಲಿ ಸೊಸೆ ಹಡೆದು ಕುಳಿತಿದ್ದಳು, ನಾಯಿ ಒಳಗೆ ಬರುವಂತಿರಲಿಲ್ಲ. ನಿಮ್ಮ ಮನೆಗೂ ಆಗುವುದಿಲ್ಲ. ನೆರೆಯವರು ಎರಡು ಹೊತ್ತು ಅನ್ನ ಹಾಕಲು ಒಪ್ಪಿದರೂ ಒಂಬತ್ತು ದಿನ ಬೀಗ ಹಾಕಿದ ಮನೆಯ ಹಿತ್ತಲಲ್ಲಿ ಮರಿ ಹೇಗಿದ್ದೀತು? ಆಗ ನಿಮ್ಮವ್ವ ವಿಚಾರಿಸಿ ಹೇಳಿದಳು. ಮುಳಗುಂದ ರಸ್ತೆಯಲ್ಲಿ, ಊರು ದಾಟಿದ ಮೇಲೆ, ಒಬ್ಬ ಹೆಣ್ಣುಮಗಳು ಊರಿಗೆ ಹೋಗುವವರ ನಾಯಿಗಳನ್ನು ಇಟ್ಟುಕೊಂಡು ನೋಡಿಕೊಳ್ಳುತ್ತಾಳೆ, ಎಲ್ಲರೂ ಆಪಾ ಎನ್ನುತ್ತಾರೆ, ಮನೆಯ ಹಿಂದೆ ತಗಡಿನ ಕೋಣೆಗಳಿವೆ, ಬಲು ಚೊಕ್ಕಟವಂತೆ. ಸೂಜಿಯ ಕಾರ್ಡು ಇದ್ದರೆ ಸಾಕಂತೆ.

ಅಣ್ಣ ಬಾಡಿಗೆ ಕಾರು ತಂದಿದ್ದ. ಹನ್ನೆರಡು ಗಂಟೆಯೊಳಗೆ ತವರಿನ ಹೊಸ್ತಿಲು ದಾಟಬೇಕೆಂದು ಸಮಯ ಹೇಳಿಸಿಕೊಂಡು ಬಂದಿದ್ದ. ತಲೆಯ ಮೇಲೆ ಸೆರಗು ಹೊದ್ದು, ಮಡಿಲಲ್ಲಿ ಮರಿ ಇಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕುಳಿತೆ. ತಿಂಗಳ ನಂತರ ಬಿಸಿಲು ಕಂಡಿದ್ದೆ. ಕಣ್ಣು ಚುಚ್ಚುತ್ತಿತ್ತು. ಮರಿ ಕಿಟಕಿಗೆ ಮುಂಗಾಲು ಕೊಟ್ಟು ನಿಂತು ರಸ್ತೆಯ ಎಮ್ಮೆಗಳನ್ನೂ ಟ್ರ್ಯಾಕ್ಟರುಗಳನ್ನೂ ನೋಡುತ್ತಿತ್ತು.

ಆಪಾ ನಲವತ್ತರ ಆಸುಪಾಸಿನವಳು. ಮೊಣಕೈವರೆಗೆ ತೋಳು ಮಡಚಿಕೊಂಡು ಗೇಟಿನಲ್ಲೇ ನಿಂತಿದ್ದಳು. ಒಳಗೆ ಬಿಡುವ ಮೊದಲೇ ಕಾರ್ಡು ಕೇಳಿದಳು. ಓದಿದಳು. ಬೆರಳು ಎರಡನೆಯ ಸಾಲಿನ ಮೇಲೆ ನಿಂತಿತು.

“ಇಲ್ಲೆ ಡಾಕ್ಟರ್ ಸಹಿ ಇಲ್ಲಲ್ರಿ. ಬಾಟಲಿ ಚೀಟೀನೂ ಹಚ್ಚಿಲ್ಲ.”

ಅಣ್ಣ ಗಡಿಯಾರ ನೋಡಿಕೊಂಡ. “ಅವರು ಮರತಿರಬೇಕ್ ಬಿಡ್ರಿ. ಇದು ನಮ್ಮ ತಂಗಿ ಗಂಡನ ಅಕ್ಷರ. ಅಂವಾ ಆಗೇತಿ ಅಂತ ಬರದಾನಂದ್ರ ಆಗಿರತೈತಿ. ಸುಳ್ಳ ಬರಿಯೂ ಮನಷ್ಯಾ ಅಲ್ಲ.”

“ಇರಬಹುದ್ರಿ. ನನ್ನ ಕಡೆ ಈಗ ಹನ್ನೊಂದ ನಾಯಿ ಅದಾವ. ಒಂದಕ್ಕ ಹತ್ತಿದ್ರ ಎಲ್ಲಾಕ್ಕೂ ಹತ್ತತೈತಿ.” ಅವಳು ಅಣ್ಣನನ್ನು ಬಿಟ್ಟು ನನ್ನ ಕಡೆಗೆ ತಿರುಗಿದಳು. “ಅಕ್ಕಾರ, ನೀವ ಹೇಳ್ರಿ. ಎರಡನೇದು ಆಗೇತೋ ಇಲ್ಲೋ?”

ಎಷ್ಟು ಸಣ್ಣ ಪ್ರಶ್ನೆ. ಇಲ್ಲ ಎಂದರೆ ಆ ದಿನ ಸೂಜಿ ಮಾಡಿಸಿ ಮತ್ತೆ ಹದಿನೈದು ದಿನ ಕಾಯಬೇಕು. ತವರಿನ ದಿನ ತಪ್ಪುತ್ತದೆ. ಅಣ್ಣನ ಮನೆಯಲ್ಲಿ ಅಡುಗೆ ಆಗಿದೆ, ಮಂದಿ ಕಾದಿದ್ದಾರೆ. ನಾಯಿಗೋಸ್ಕರ ಹೊಸ್ತಿಲಿನ ದಿನ ಮುರಿದಳು ಎಂಬ ಮಾತು ನನ್ನ ಜೀವ ಇರುವವರೆಗೆ ಇರುತ್ತದೆ. ಅದಕ್ಕಿಂತ ಹೆಚ್ಚಾಗಿ, ನಿಮ್ಮ ಅಜ್ಜ ಬರೆದದ್ದು ನಿಜವಲ್ಲ ಎಂದು ಇಬ್ಬರ ಮುಂದೆ ನಾನು ಬಾಯಿ ತೆರೆದು ಹೇಳಬೇಕು. ಇಷ್ಟೆಲ್ಲ ಆಗ ಯೋಚಿಸಿದೆನೋ, ಆಮೇಲೆ ಕುಳಿತು ಜೋಡಿಸಿದೆನೋ ಗೊತ್ತಿಲ್ಲ. ಸೆರಗಿನೊಳಗೆ ತಲೆ ಆಡಿಸಿದೆ.

ಆಪಾ ಒಂದು ಗಳಿಗೆ ನೋಡಿದಳು. ಹೊಸದಾಗಿ ಗಂಡನನ್ನು ಕಳೆದುಕೊಂಡವಳನ್ನು ಎರಡನೆಯ ಸಲ ಕೇಳಲು ಅವಳಿಗೂ ಸಂಕೋಚವಾಗಿರಬೇಕು. ಗೇಟು ತೆರೆದಳು. ಮರಿಯನ್ನು ಕೊಟ್ಟೆ. ಅದು ಅವಳ ಹೆಗಲ ಮೇಲಿಂದ ನನ್ನನ್ನು ನೋಡುತ್ತ ಒಳಗೆ ಹೋಯಿತು. ಅಳಲಿಲ್ಲ. ಒಳಗಿನ ನಾಯಿಗಳ ಸದ್ದಿಗೆ ಅದರ ಕಿವಿಗಳು ನೆಟ್ಟಗಾಗಿದ್ದವು.

ಮುಂಡರಗಿಯಲ್ಲಿ ನನ್ನನ್ನು ಚೆನ್ನಾಗಿ ನೋಡಿಕೊಂಡರು. ಅತ್ತಿಗೆ ಒಂದು ಕೆಲಸ ಮುಟ್ಟಗೊಡಲಿಲ್ಲ. ಎಷ್ಟೋ ದಿನಗಳ ಮೇಲೆ ನಿದ್ದೆ ಬಂತು. ಮೊದಲ ನಾಲ್ಕು ದಿನ ಆಪಾ ಮರಿಯ ಫೋಟೋಗಳನ್ನು ನಿಮ್ಮವ್ವನಿಗೆ ಕಳಿಸುತ್ತಿದ್ದಳು, ನಿಮ್ಮವ್ವ ಅವನ್ನು ನಿಮಗೆ ತೋರಿಸಿ, ನನಗೆಂದು ಅಣ್ಣನ ಫೋನಿಗೂ ಕಳಿಸುತ್ತಿದ್ದಳು. ದೊಡ್ಡ ಬಿಳಿ ನಾಯಿಯೊಂದರ ಬಾಲ ಹಿಡಿದು ಮಲಗಿದ ಫೋಟೋ ನಿಮಗೆ ನೆನಪಿರಬೇಕು. ಅದನ್ನು ನೋಡಿ ನಾನೂ ನಕ್ಕಿದ್ದೆ. ಏನೂ ಆಗಲಿಲ್ಲವಲ್ಲ, ಒಂದೇ ಸೂಜಿ ಸಾಕಾಯಿತು ಎಂದುಕೊಂಡಿದ್ದೆ.

ಆರನೆಯ ದಿನ ಬೆಳಿಗ್ಗೆ ಆಪಾ ನೇರವಾಗಿ ಅಣ್ಣನ ಫೋನಿಗೆ ಮಾಡಿ ನನ್ನನ್ನು ಕೇಳಿದಳು. ಅಣ್ಣ ಫೋನು ನನ್ನ ಕೈಗೆ ಕೊಟ್ಟು ಎತ್ತುಗಳ ಕಡೆಗೆ ಹೋದ. ಎದುರಿಗೆ ಯಾರೂ ಇರಲಿಲ್ಲ.

“ಅಕ್ಕಾರ, ನಿಮ್ಮ ಮರಿ ನಿನ್ನೆಯಿಂದ ಏನೂ ತಿಂದಿಲ್ಲ. ವಾಂತಿ ಆಗಾಕತ್ತಾವು, ಹಿಂದಿನಿಂದ ರಕ್ತ ಹೊಂಟೈತಿ. ದವಾಖಾನಿಗೆ ತಂದೇನಿ. ಡಾಕ್ಟರ್ ಕೇಳಾಕತ್ತಾರ. ಖರೆ ಹೇಳ್ರಿ, ಎರಡನೇ ಸೂಜಿ ಆಗಿತ್ತೇನು?”

“ಇಲ್ರಿ ಆಪಾ.”

ನಾನು ಆ ಮಾತನ್ನು ಹೇಳಿದ್ದು ಅದೇ ಮೊದಲು. ಹೇಳುವುದು ಅಷ್ಟೇನೂ ಕಷ್ಟವಿರಲಿಲ್ಲ. ಆಪಾ ಬೈಯುತ್ತಾಳೆಂದು ಕಾದೆ. ಅವಳು ಬೈಯಲಿಲ್ಲ. ಆಗಿಲ್ಲವಂತೆ ಎಂದು ಡಾಕ್ಟರಿಗೆ ಹೇಳಿ, ಮತ್ತೆ ಫೋನಿಗೆ ಬಂದಳು.

“ಅವತ್ತ ಅಂದಿದ್ರ ನಮ್ಮ ಮಾಳಗಿ ಮ್ಯಾಲಿನ ಖೋಲ್ಯಾಗ ಬ್ಯಾರೇನ ಇಡತಿದ್ನೆಲ್ರಿ. ಹಂಗ ಎಷ್ಟೋ ಮರಿ ಇಟ್ಟೇನಿ ನಾನು.”

ಈ ಎಂಟು ತಿಂಗಳಲ್ಲಿ ನಾನು ಹೆಚ್ಚು ಸಲ ಕೇಳಿಸಿಕೊಂಡದ್ದು ಈ ಮಾತನ್ನೇ. ಯಾರ ದಿನವೂ ತಪ್ಪುತ್ತಿರಲಿಲ್ಲ. ಅಣ್ಣ ಹನ್ನೆರಡರೊಳಗೆ ಮುಂಡರಗಿ ಮುಟ್ಟುತ್ತಿದ್ದ. ಮರಿ ಮೇಲಿನ ಕೋಣೆಯಲ್ಲಿ ಒಂಟಿಯಾಗಿ ಒಂಬತ್ತು ದಿನ ಗೊಣಗಿ, ಸೂಜಿ ಹಾಕಿಸಿಕೊಂಡು, ನನ್ನ ಜೊತೆ ಮನೆಗೆ ಬರುತ್ತಿತ್ತು. ಇಲ್ಲ ಎಂಬ ಒಂದು ಮಾತು ಸಾಕಿತ್ತು.

ಬಟ್ಟೆಯ ಚೀಲ ತೆಗೆದುಕೊಂಡು ಹೊರಟೆ. ಅತ್ತಿಗೆ ಬಾಗಿಲಿಗೆ ಅಡ್ಡ ಬಂದು, ಒಂಬತ್ತು ದಿನ ಮುಗಿಯದೆ ನಡುವೆ ಎದ್ದುಹೋಗುವುದು ತವರಿಗೂ ಒಳ್ಳೆಯದಲ್ಲ, ಮನೆಯಲ್ಲಿ ಹಸುಗೂಸು ಇದೆ ಎಂದಳು. ಅಣ್ಣ ಗಾಡಿಯ ಕೀಲಿ ತೆಗೆದುಕೊಂಡ. ಬಸ್‌ಸ್ಟ್ಯಾಂಡಿನವರೆಗೆ ಗಾಡಿಯ ಮೇಲೆ ತಂದು ಬಿಟ್ಟ. ಮುಖ ಬಿಗಿದಿತ್ತು. ಗದಗಿನ ಬಸ್ಸು ಹೊರಡುವಾಗ ಓಡಿಬಂದು ಕಿಟಕಿಯಿಂದ ನೀರಿನ ಬಾಟಲಿ ಕೊಟ್ಟ. ನಿಮ್ಮ ಅಜ್ಜ ಹೋದಮೇಲೆ ನಾನು ಒಬ್ಬಳೇ ಬಸ್ಸು ಹತ್ತಿದ್ದು ಅಂದೇ. ಅದಕ್ಕೆ ಮೊದಲೂ ಒಬ್ಬಳೇ ಹತ್ತಿದ್ದು ನೆನಪಿಲ್ಲ.

ದವಾಖಾನೆಯ ಹಿಂದಿನ ವರಾಂಡದಲ್ಲಿ ಗೋಣಿಯ ಮೇಲೆ ಮರಿ ಮಲಗಿತ್ತು. ಮುಂಗಾಲಿಗೆ ಪಟ್ಟಿ ಸುತ್ತಿ ಸಲಾಯಿನ್ ಹಚ್ಚಿದ್ದರು. ಐದಾರು ದಿನಗಳ ಹಿಂದೆ ಕಿಟಕಿಗೆ ನಿಂತಿದ್ದ ಮರಿ ಅದೇ ಎಂದು ಹೇಳುವಂತಿರಲಿಲ್ಲ. ಹೊಟ್ಟೆ ಬೆನ್ನಿಗೆ ಹತ್ತಿತ್ತು. ನಾನು ತಮ್ಮಾ ಎಂದೆ. ತಲೆ ಎತ್ತಲಿಲ್ಲ. ಬಾಲದ ತುದಿ ಮಾತ್ರ ಗೋಣಿಗೆ ಒಂದು ಸಲ ಬಡಿಯಿತು.

ಡಾಕ್ಟರು ಇದು ಪಾರ್ವೊ ಎಂಬ ರೋಗ ಎಂದರು. ಕರುಳು ಹಿಡಿಯುತ್ತದೆ, ಮರಿಗಳಿಗೇ ಹೆಚ್ಚು, ನೆಲದಲ್ಲಿ ತಿಂಗಳುಗಟ್ಟಲೆ ಇರುತ್ತದೆ, ಯಾರ ಚಪ್ಪಲಿಗೆ ಹತ್ತಿಕೊಂಡು ಬಂತೋ ಹೇಳಲು ಬರುವುದಿಲ್ಲ. ಎಲ್ಲವೂ ಸಾಯುವುದಿಲ್ಲ, ಎರಡು ದಿನ ದಾಟಿದರೆ ಉಳಿಯಬಹುದು ಎಂದರು. ನನ್ನನ್ನು ಏನೂ ಕೇಳಲಿಲ್ಲ. ಕಾರ್ಡು ಅವರ ಮೇಜಿನ ಮೇಲಿತ್ತು.

ಎರಡು ದಿನ ಬಾಗಿಲು ತೆರೆದ ಹೊತ್ತಿನಿಂದ ಮುಚ್ಚುವ ಹೊತ್ತಿನವರೆಗೆ ಅಲ್ಲಿಯೇ ಕುಳಿತೆ. ಹೋಗಿಬರುವ ಗಂಡಸರ ಮುಂದೆ, ದನ ಹೊಡೆದುಕೊಂಡು ಬಂದವರ ಮುಂದೆ ನೆಲದ ಮೇಲೆ ಕಾಲು ಚಾಚಿ ಕುಳಿತೆ. ಸೆರಗು ಜಾರಿದರೂ ಲಕ್ಷ್ಯವಿರಲಿಲ್ಲ. ಆಪಾ ಉಳಿದ ನಾಯಿಗಳನ್ನೆಲ್ಲ ಅವರವರ ಮನೆಗೆ ಕಳಿಸಿ, ಕೋಣೆಗಳನ್ನು ಬ್ಲೀಚಿಂಗ್ ಪೌಡರಿನ ನೀರಿನಿಂದ ತೊಳೆದು, ಕೈಯ ಚರ್ಮ ಸುಲಿದುಕೊಂಡು ಬರುತ್ತಿದ್ದಳು. ಚಹಾ ತಂದು ನನ್ನ ಪಕ್ಕ ಇಡುತ್ತಿದ್ದಳು. ಯಾರ ಮರಿಯಿಂದ ಹೀಗಾಯಿತು ಎಂದು ಕೇಳಿದವರಿಗೆ ಅವಳು ನನ್ನ ಗುರುತು ಹೇಳಲಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ಉಳಿದ ಹನ್ನೊಂದಕ್ಕೂ ಏನೂ ಆಗಲಿಲ್ಲ. ಅವುಗಳ ಕಾರ್ಡುಗಳಲ್ಲಿ ಎಲ್ಲ ಸಾಲಿಗೂ ಸಹಿ ಇತ್ತು.

ಮೂರನೆಯ ದಿನ ಬೆಳಿಗ್ಗೆ ಮರಿ ತುಸು ನೀರು ನೆಕ್ಕಿತು. ಆಪಾ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಮಧ್ಯಾಹ್ನ ಊಟದ ಹೊತ್ತಿಗೆ ಅದು ನನ್ನ ತೊಡೆಯ ಮೇಲೆ ಎರಡು ಸಲ ಕಾಲು ಚಾಚಿತು. ಪೇಪರು ಎಳೆಯುವಾಗ ಹಾಗೆ ಕಾಲು ಚಾಚುತ್ತಿತ್ತು. ಆಮೇಲೆ ಚಾಚಲಿಲ್ಲ.

ಆಳವಾಗಿ ತೆಗ್ಗು ತೋಡಿ ಸುಣ್ಣ ಹಾಕಿ ಹುಗಿಯಬೇಕೆಂದು ಡಾಕ್ಟರು ಹೇಳಿದ್ದರು. ನಮ್ಮ ಹಿತ್ತಲಲ್ಲಿ ಅಷ್ಟು ಜಾಗವಿಲ್ಲ. ಆಪಾ ತನ್ನ ಹೊಲದ ತುದಿಯಲ್ಲಿ, ಕೋಣೆಗಳಿಂದ ದೂರ, ಬೇವಿನ ಗಿಡದ ಬುಡದಲ್ಲಿ ಜಾಗ ತೋರಿಸಿದಳು. ಎರೆ ಮಣ್ಣು, ಗುದ್ದಲಿಗೆ ಅಂಟುತ್ತಿತ್ತು. ಅವಳೂ ನಾನೂ ಸರದಿಯಂತೆ ತೋಡಿದೆವು. ಮರಿಯನ್ನು ಅಜ್ಜನ ಹಳೆಯ ಧೋತರದಲ್ಲಿ ಸುತ್ತಿದ್ದೆ. ನಿಮ್ಮ ಅಜ್ಜನನ್ನು ಒಯ್ಯುವಾಗ ಹೆಣ್ಣುಮಕ್ಕಳು ಮುಂದೆ ಹೋಗಬಾರದೆಂದು ನನ್ನನ್ನು ಬಾಗಿಲಲ್ಲೇ ಹಿಡಿದಿದ್ದರು. ಅವರಿಗೆ ಒಂದು ಹಿಡಿ ಮಣ್ಣು ಹಾಕಲು ನನಗೆ ಆಗಿರಲಿಲ್ಲ. ಇಲ್ಲಿ ಪೂರಾ ತೆಗ್ಗನ್ನು ನಾನೇ ಮುಚ್ಚಿದೆ. ಅಲ್ಲಿ ನಾನು ಅತ್ತಂತೆ ಅಜ್ಜ ಹೋದ ದಿನವೂ ಅತ್ತಿರಲಿಲ್ಲ. ಇದನ್ನು ಓದಿ ನನ್ನನ್ನು ತಪ್ಪು ತಿಳಿಯಬೇಡಿ.

ಅಜ್ಜ ಹೋಗಿ ಎರಡು ತಿಂಗಳೂ ಆಗಿಲ್ಲ, ಹುಡುಗರಿಗೆ ಇನ್ನೊಂದು ಸಾವು ಹೇಳುವುದು ಬೇಡ ಎಂದು ನಿಮ್ಮ ಅಪ್ಪ ಅವ್ವ ಕೂಡಿ ಸಿಂಗಟಾಲೂರಿನ ಮಾತು ಕಟ್ಟಿದರು. ಅಲ್ಲಿ ಪರಿಚಯದವರ ಹೊಲದಲ್ಲಿ ಬಿಟ್ಟಿದ್ದೇವೆ, ಓಡಾಡಲು ಜಾಗವಿದೆ. ನೀವು ನನಗೆ ಫೋನು ಮಾಡಿ, ಹೌದೇನು ಆಯೀ ಎಂದು ಕೇಳಿದಿರಿ. ಫೋನಿನಲ್ಲಿ ತಲೆ ಆಡಿಸಿದರೆ ಕಾಣುವುದಿಲ್ಲ. ಹೌದು ಎಂದು ಬಾಯಿಂದಲೇ ಹೇಳಿದೆ. ಆಮೇಲೆ ಈಜು, ಪಂಪು, ಮೀನು ಹಿಡಿಯಲು ಹೋಗಿ ಬಿದ್ದದ್ದು, ಎಲ್ಲ ಹೇಳಿದೆ. ನೀವು ನಗುತ್ತಿದ್ದಿರಿ. ಹೇಳುತ್ತಿದ್ದಷ್ಟು ಹೊತ್ತು ನನಗೂ ಅದು ಹೊಳೆಯ ದಂಡೆಯಲ್ಲಿ ಬದುಕಿದೆ ಎನಿಸುತ್ತಿತ್ತು. ಫೋನು ಇಟ್ಟ ಕೂಡಲೇ ಬೇವಿನ ಗಿಡ ಕಣ್ಣ ಮುಂದೆ ಬರುತ್ತಿತ್ತು.

ಕಾರ್ಡು ಈಗಲೂ ಆ ಗೂಡಿನಲ್ಲಿದೆ. ಭಾನುವಾರ ತೋರಿಸುತ್ತೇನೆ. ಎರಡನೆಯ ಸಾಲನ್ನು ಓದಿ. ಅಜ್ಜನ ಅಕ್ಷರ ಎಷ್ಟು ಚಂದವಿತ್ತು ನೋಡಿ. ಅವರು ಬರೆದಿಟ್ಟದ್ದರಲ್ಲಿ ನಡೆಯದೆ ಉಳಿದದ್ದು ಅದೊಂದೇ. ಅದನ್ನು ನಡೆಸುವ ಕೆಲಸ ನನಗೆ ಬಿಟ್ಟು ಹೋಗಿದ್ದರು.

ನಿಮ್ಮವ್ವನಿಗೆ ಇವತ್ತು ಬೆಳಿಗ್ಗೆ ನಾನೇ ಫೋನು ಮಾಡಿ, ಓಡಿಹೋಯಿತೆಂದು ಹೇಳುವುದು ಬೇಡ, ನಾನು ಬರೆದು ಕಳಿಸುತ್ತೇನೆ ಎಂದೆ. ಅವಳು ಆಯಿತು ಬೇ ಎಂದಳು. ಆಪಾಳಿಗೂ ತಿಳಿಸಿದ್ದೇನೆ. ಭಾನುವಾರ ನಾವು ಸಿಂಗಟಾಲೂರಿನ ಬಸ್ಸು ಹತ್ತುವುದಿಲ್ಲ. ಮುಳಗುಂದದ ಬಸ್ಸು ಹತ್ತಿ, ಊರು ದಾಟಿದ ಮೇಲೆ ಇಳಿಯುತ್ತೇವೆ. ಗೇಟಿನಿಂದ ಬೇವಿನ ಗಿಡದವರೆಗೆ ಹೊಲದ ಬದುವಿನ ಮೇಲೆ ನಡೆಯಬೇಕು, ಚಪ್ಪಲಿ ಗಟ್ಟಿಯಿರಲಿ. ಗೆಜ್ಜೆಯ ಪಟ್ಟಿಯನ್ನು ಸಣ್ಣವನು ತಂದರೆ ತರಲಿ, ಮನಸ್ಸಿಲ್ಲದಿದ್ದರೆ ಬೇಡ. ನನ್ನ ಮೇಲೆ ಸಿಟ್ಟು ಬಂದು ಬರುವುದೇ ಬೇಡವೆನಿಸಿದರೂ ನಾನು ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿರುತ್ತೇನೆ. ಬಂದರೆ, ಯಾಕೆ ಹೇಳಲಿಲ್ಲ ಆಯಿ ಎಂದು ಕೇಳಿ. ಎದುರಿಗೆ ನಿಂತೇ ಕೇಳಿ. ಬಾಯಿಂದ ಹೇಳುತ್ತೇನೆ.